ಚೆನಾಬ್ ಕಮಾನಿಗೂ ಕುಂದಾಪುರಕ್ಕೂ ಏನು ನಂಟು?

ರೈಲು ಸೇತುವೆ ಅಂದರೆ ನಮಗೆಲ್ಲ ನೆನಪಾಗುವುದು ಸಿನಿಮಾದ ಫೈಟಿಂಗ್. ಬೋಗಿಯ ಮೇಲೆ ಹೀರೋ, ಕೆಳಗೆ ನದಿ! ಆದರೆ ಜಮ್ಮು-ಕಾಶ್ಮೀರದ ಚೆನಾಬ್ ಸೇತುವೆಯಿಂದ ಹಾರುವ ಹೀರೋ ಇನ್ನೂ ಹುಟ್ಟಿಲ್ಲ ಬಿಡಿ. ನದಿ ಇರುವುದು 359 ಮೀಟರ್ ಕೆಳಗೆ. ಐಫೆಲ್ ಗೋಪುರ ತಂದು ನಿಲ್ಲಿಸಿದರೂ ಹಳಿ ಮುಟ್ಟದು!

ಅಂಥ ಕಮರಿಯ ನಡುವೆ ಕಂಬ ಎಬ್ಬಿಸುವುದೆಲ್ಲಿ? ಅದಕ್ಕೇ 467 ಮೀಟರಿನ ಉಕ್ಕಿನ ಕಮಾನು. ಎರಡೂ ದಡದಿಂದ ಚಾಚಿ ಬಂದ ತೋಳುಗಳು 2021ರ ಏಪ್ರಿಲ್‌ನಲ್ಲಿ ಕೂಡಿದವು. ರೈಲಿನ ಭಾರವೆಲ್ಲ ಕಮಾನಿನ ಮೂಲಕ ಎರಡು ಬದಿಯ ಬೆಟ್ಟಕ್ಕೆ. ಆ ಬಿರುಕು ಬಂಡೆ ಜಾರದಂತೆ ಭದ್ರಪಡಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಮಾಧವಿ ಲತಾ 17 ವರ್ಷ ದುಡಿದರು. 2025ರ ಜೂನ್ 6ರಂದು ಉದ್ಘಾಟನೆಯಾಯಿತು.

ಕಟ್ಟಿಸಿದವರು ಯಾರು ಗೊತ್ತೇ? ನಮ್ಮ ಬಾರ್ಕೂರು, ಕುಂದಾಪುರ, ಬೈಂದೂರಿಗೆ ರೈಲು ತಂದ ಅದೇ ಕೊಂಕಣ ರೈಲ್ವೆ!

ಆ ರೈಲು ಬರುವ ಮೊದಲು, ಮುಂಬಯಿ ಹೋಟೆಲಿನಲ್ಲಿದ್ದ ನನ್ನ ಅಪ್ಪಯ್ಯನಿಗೆ ಬಸ್ಸೇ ಗತಿ. ಅಜ್ಜ ತೀರಿಕೊಂಡಾಗ ಅವರು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. 1998ರ ಜನವರಿಯಲ್ಲಿ ಹಳಿ ಪೂರ್ತಿ ತೆರೆಯಿತು. ಈಗ ಮುಂಬಯಿಯಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದವ ಬೆಳಗಾಗುವಾಗ ಕುಂದಾಪುರದಲ್ಲಿ.

ಪೇಪರಿನಲ್ಲಿ ಚೆನಾಬ್ ಫೋಟೋ ತೋರಿಸಿದರೆ ಅಮ್ಮ ಎತ್ತರ ಎಷ್ಟೆಂದು ಕೇಳಲೇ ಇಲ್ಲ.

"ಹಿಮ ಬಿದ್ರೂ ರೈಲ್ ಹೋತ್ತಾ ಮಗಾ?"

"ಹೋಗ್ಲಿ ಅಂತ್ಲೇ ಕಟ್ಟಿದ್ದ್ ಅಮ್ಮ."

"ಹಂಗಾರೆ ಅಲ್ಲಿಯರ್ ಮಕ್ಳೂ ಹೊತ್ತಿಗ್ ಸಮ ಮನಿಗ್ ಬತ್ರ್" ಅಂದರು.