ಲಯ ಎಂಜಿನ್ನಿನದು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಂಜೆ ಹೊತ್ತು ನಿಂತವರಿಗೆ ಬುಲೆಟ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಮೀಟಿಯರ್ ಆಗಲಿ, ಹಳೆಯ ಥಂಡರ್‌ಬರ್ಡ್ ಆಗಲಿ, ಗಾಡಿ ಮನೆಗೆ ಬಂತೆಂದರೆ ಪೂಜೆಯ ನಿಂಬೆಹಣ್ಣು ಬಾಡುವ ಮೊದಲೇ ಸೈಲೆನ್ಸರ್ ಬದಲಿಸುವ ಮಾತು ಏಳುತ್ತದೆ. ಪಂಜಾಬಿ, ಇಂದೋರಿ, ಗೋಲ್ಡ್‌ಸ್ಟಾರ್, ಶಾರ್ಟ್ ಬಾಟಲ್ ಎಂಬ ಸೈಲೆನ್ಸರ್ ಹೆಸರುಗಳನ್ನು ಕೇಳಿದರೆ ಕೊಳ್ಳಲು ಹೊರಟಿದ್ದು ಊಟವೋ ಪಾನೀಯವೋ ಎಂಬ ಅನುಮಾನ ಬರಬೇಕು. ಈ ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಗಾಡಿಯ ಗತ್ತು ಸೈಲೆನ್ಸರಿನಲ್ಲಿದೆ ಎಂಬ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ.

ಹಳೆಯ 350 ಸಿಸಿ ಬುಲೆಟ್ಟಿನ ಸಿಲಿಂಡರ್ ಅಗಲ 70 ಮಿ.ಮೀ., ಪಿಸ್ಟನ್ ಓಡುವ ದೂರ 90 ಮಿ.ಮೀ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಸಿಡಿತ. ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತ ನಿಂತಾಗ ಸೆಕೆಂಡಿಗೆ ಎಂಟೇ ಸಿಡಿತ. ಒಂದೊಂದೂ ಬಿಡಿಬಿಡಿಯಾಗಿ ಕೇಳುವುದರಿಂದಲೇ ಆ ಡುಗ್ ಡುಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಹೊತ್ತಿದ್ದರೂ ಹಾಗೆ ಗುಡುಗಲಿಲ್ಲ. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಸಿಡಿಯುತ್ತದೆ, ಅದರ ದನಿಯೇ ಬೇರೆ. ಹಾರ್ಲೆ ಡೇವಿಡ್ಸನ್ ಕಂಪನಿ 1994ರಲ್ಲಿ ತನ್ನ ಸದ್ದಿಗೆ ಟ್ರೇಡ್‌ಮಾರ್ಕ್ ಕೇಳಿ, 2000ದಲ್ಲಿ ಅರ್ಜಿ ಹಿಂದೆಗೆದುಕೊಂಡಿತು. ಆ ಅರ್ಜಿಯೂ ಸದ್ದಿನ ಮೂಲವೆಂದು ಹೆಸರಿಸಿದ್ದು ಒಂದೇ ಕ್ರ್ಯಾಂಕ್‌ಪಿನ್ ಹಂಚಿಕೊಂಡ ವಿ-ಟ್ವಿನ್ ಎಂಜಿನ್ನನ್ನು. ಲಯ ಎಂಜಿನ್ನಿನದು, ಸೈಲೆನ್ಸರಿನ ಕೈಯಲ್ಲಿರುವುದು ಬರೀ ಶ್ರುತಿ. ಒಳಗಿನ ತಡೆಗಳನ್ನು ಕಿತ್ತರೆ ಲಯ ಬದಲಾಗದು, ಶ್ರುತಿ ಮಾತ್ರ ಕೆಡುತ್ತದೆ.

ಪೈಪು ಸಡಿಲವಾದರೆ ಪವರ್ ಹೆಚ್ಚುತ್ತದಲ್ಲ ಎನ್ನುವವರಿದ್ದಾರೆ. ಹೆಚ್ಚಿದರೂ ಅದು ಸ್ವಲ್ಪ, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಕ್ರೂಸರಿನ ಸುಖವಿರುವುದು ಕೆಳಗಿನ ಸುತ್ತುಗಳಲ್ಲಿ: ಮೀಟಿಯರ್ 350ರ 27 ಎನ್‌ಎಂ ಟಾರ್ಕ್ 4000 ಸುತ್ತಿಗೇ ಸಿಗುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವವನಿಗೆ ಬೇಕಾದದ್ದು ಅಷ್ಟೇ. ಮೇಲಾಗಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ಆಮ್ಲಜನಕ ಅಳೆದು ಪೆಟ್ರೋಲ್ ಪ್ರಮಾಣ ಹೊಂದಿಸಲು ನೆರವಾಗುವ ಸೆನ್ಸರ್ ಇದೆ, ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಇವನ್ನು ಕಲಕಿದರೆ ಕೈಗೆ ಬರುವುದು ಪವರ್ ಅಲ್ಲ, ಥ್ರಾಟಲ್ ಬಿಟ್ಟಾಗಿನ ಪಟಪಟ. ಸದ್ದಿದ್ದರೆ ಅಪಘಾತ ತಪ್ಪುತ್ತದೆ ಎಂಬುದು ಇನ್ನೊಂದು ಸಮರ್ಥನೆ. ಪೈಪಿನ ಬಾಯಿ ಇರುವುದು ಹಿಂದಕ್ಕೆ. ಎಚ್ಚರಿಸಬೇಕಾದ ಲಾರಿ ಇರುವುದು ಮುಂದೆ. ನನ್ನ ಗಾಡಿ, ನನ್ನ ದುಡ್ಡು ಎಂಬ ಮಾತಿಗೂ ಉತ್ತರವಿದೆ: ಕಿವಿಗಳು ಮಾತ್ರ ಊರಿನವು. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಗುರುತಿಸುವ ನಿಯಮವಿದೆ; ಅಲ್ಲಿ ರಾತ್ರಿಯ ಮಿತಿ 40 ಡೆಸಿಬೆಲ್. ದಾವಣಗೆರೆಯ ಬಾಪೂಜಿ ಆಸ್ಪತ್ರೆಯ ರೋಗಿ ಯಾವ ಸೈಲೆನ್ಸರನ್ನೂ ಆರಿಸಿಕೊಂಡವನಲ್ಲ.

ಸದ್ದು ಶಕ್ತಿಯಲ್ಲ ಎಂಬುದನ್ನು ಹರಿಹರಕ್ಕಂತೂ ಹೇಳಿಕೊಡಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದಶಕಗಳ ಕಾಲ ಲೇತ್ ಯಂತ್ರ ತಯಾರಿಸಿದ ಊರದು. ಲೇತ್ ಕಿರುಚಿದರೆ ಬೇರಿಂಗೋ ಗೇರೋ ಸವೆದಿದೆ ಎಂದು ನೋಡುತ್ತಾರೆ ಹೊರತು ಎಂಥ ಶಕ್ತಿ ಎಂದು ಯಾರೂ ತಲೆದೂಗುವುದಿಲ್ಲ. ಕಾನೂನೂ ಸುಮ್ಮನಿಲ್ಲ: ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಸದ್ದಿನ ಮಾನದಂಡ ಮೀರಿದರೆ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ಬದಲಿಸಲೇಬೇಕೆನಿಸಿದರೆ ಕನ್ವರ್ಟರ್ ಮತ್ತು ಸೆನ್ಸರ್ ಇದ್ದಲ್ಲೇ ಉಳಿಯುವ, ಒಳಗಿನ ತಡೆ ಬಿಚ್ಚಲಾಗದ, ನಿಮ್ಮ ಮಾದರಿಗೇ ಮಾನ್ಯತೆ ಪಡೆದ ಸೈಲೆನ್ಸರ್ ಕೇಳಿ. ಕ್ರೋಮೋ ಕಪ್ಪೋ ನಿಮ್ಮಿಷ್ಟ. ಅಂಗಡಿಯವನು ಸದ್ದು ಕೇಳಿಸಿ ವ್ಯಾಪಾರ ಶುರುಮಾಡಿದರೆ ಕಂಪನಿಯದನ್ನೇ ಉಳಿಸಿಕೊಂಡು, ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.