ಅಬ್ಬಾ ಹಚ್ಚುತ್ತಿದ್ದ ಖಸ್

ಬೇಸಿಗೆಗೆ ಖಸ್, ಚಳಿಗೆ ಹಿನಾ. ನಿಡಗುಂದಿಯ ನಮ್ಮ ಮನೆಯಲ್ಲಿ ಅಬ್ಬಾ ಪಾಲಿಸುತ್ತಿದ್ದ ಅತ್ತರಿನ ಲೆಕ್ಕ ಇಷ್ಟೇ. ಅವರ ಖಸ್ ಸೀಸೆಯ ತಳದಲ್ಲಿ ಇನ್ನೂ ನಾಲ್ಕಾರು ಹನಿ ಉಳಿದಿವೆ. ಆ ಮಾಲು ಬರುವುದು ನಿಂತು ವರ್ಷಗಳೇ ಆದವು. ತಮ್ಮನಿಗೆ ತನ್ನ ನಿಕಾಹ್ ದಿನ ಅದೇ ಪರಿಮಳ ಬೇಕಂತೆ. ವಿಜಯಪುರದಿಂದ ಹೊಸ ಖಸ್ ತಂದೆ.

ಎರಡನ್ನೂ ಒಂದೊಂದು ಕೈಗೆ ಹಚ್ಚಿಕೊಂಡೆ. ಹೊಸದು ಮೊದಲ ಉಸಿರಿಗೇ ಮೂಗು ತುಂಬಿತು. ಹಳೆಯದು ಮೊದಲಿಗೆ ಬಾಯಿ ಬಿಡಲಿಲ್ಲ. ಅರ್ಧ ಗಂಟೆಯಾದ ಮೇಲೆ ಮಳೆ ಬಿದ್ದ ಎರೆಮಣ್ಣಿನ ವಾಸನೆ, ಅದರಡಿ ಹಾಲಿನಂಥ ಮೆತ್ತನೆಯ ಗಂಧ. ಸಂಜೆಗೆ ಹೊಸದು ಮಾಯ. ಹಳೆಯದು ಮರುದಿನವೂ ಅಂಗಿಯ ತೋಳಿನಲ್ಲಿತ್ತು. ಅಂಗಡಿಯಲ್ಲಿ ನಿಂತು ಮೂಸುವವರು ಹೊಸದನ್ನೇ ಮೆಚ್ಚಿಯಾರು! ಅಮ್ಮಿ ಮಾತ್ರ ಎರಡೂ ಕೈ ಮೂಸಿ, "ಇದೂ ಖಸ್ ಖರೆ, ಆದ್ರ ಅವರದಲ್ಲ" ಎಂದರು.

ವ್ಯತ್ಯಾಸ ಲಾವಂಚದ ಬೇರಿನದಷ್ಟೇ ಅಲ್ಲ, ತಳದ ಎಣ್ಣೆಯದು. ಉತ್ತರ ಪ್ರದೇಶದ ಕನೌಜಿನ ಹಳೆಯ ಪದ್ಧತಿಯಲ್ಲಿ ತಾಮ್ರದ ಹಂಡೆಯ ಹಬೆ ಬಿದಿರಿನ ಕೊಳವೆಯಲ್ಲಿ ಹಾದು ಶ್ರೀಗಂಧದ ಎಣ್ಣೆಗೆ ಇಳಿಯುತ್ತಿತ್ತು. ನಮ್ಮ ರಾಜ್ಯದಲ್ಲಿ ಗಂಧದ ಮರದ ಒಡೆತನ ಬೆಳೆದವನಿಗೆ ಸಿಕ್ಕಿದ್ದು 2001ರ ಕಾನೂನು ತಿದ್ದುಪಡಿಯಿಂದ. ಅಷ್ಟರಲ್ಲಿ ಕಾಡಿನ ಗಂಧ ಕಳ್ಳರ ಪಾಲಾಗಿ, ಎಣ್ಣೆ ದುಬಾರಿಯಾಗಿ, ಬಹಳಷ್ಟು ಅತ್ತರಿಗೆ ವಾಸನೆಯಿಲ್ಲದ ಪ್ಯಾರಾಫಿನ್ ತಳವಾಗಿತ್ತು. ಅದಕ್ಕೆ ಪರಿಮಳವನ್ನು ಹಿಡಿದಿಡುವ ಕಸುವಿಲ್ಲ.

ಗಂಧದ ತಳದ ಖಸ್ ಈಗಲೂ ಇಲ್ಲವೆಂದಲ್ಲ. ಬೆಲೆ ಕೇಳಿದ ತಮ್ಮ ಶೇರವಾನಿಯ ಖರ್ಚು ಕಡಿಮೆ ಮಾಡಿ ಮೂರು ಮಿಲಿಗೆ ಹಣ ಜೋಡಿಸುತ್ತಿದ್ದಾನೆ.