ಹಲ್ಲಿಗೆ ಅದರದೇ ವೇಳಾಪಟ್ಟಿ

ಕಳೆದ ವರ್ಷ ನಮ್ಮ ಮನೆಯಲ್ಲಿ ಇಬ್ಬರ ಹಲ್ಲುಗಳು ಒಟ್ಟಿಗೇ ಜಾಗ ಬದಲಿಸಲು ಹೊರಟವು. ನನಗೆ 44, ಮಗಳಿಗೆ 14. ಪುಣೆಯ ಒಂದೇ ಕ್ಲಿನಿಕ್, ಒಬ್ಬರೇ ಡಾಕ್ಟರು. ಆದರೆ ನನಗೆ ಸಿಕ್ಕಿದ್ದು ಹಾಕಿಕೊಂಡರೂ ಕಾಣದ ಪಾರದರ್ಶಕ ಅಲೈನರ್. ಅವಳಿಗೆ ಹೇಳಿದ್ದು ಲೋಹದ ಬ್ರೇಸಸ್, ಊರಿನ ಮಾತಿನಲ್ಲಿ 'ಕ್ಲಿಪ್ಪು'. "ದಿನಾ ಸ್ಕೂಲಿಗೆ ಹೋಗೋಳು ನಾನು. ಮನೇಲಿ ಕೂತು ಕ್ಯಾಮೆರಾ ಆಫ್ ಮಾಡ್ಕೊಂಡು ಮೀಟಿಂಗ್ ಮಾಡೋಳು ನೀನು. ಕಾಣದೇ ಇರೋದು ಮಾತ್ರ ನಿಂಗೆ. ಇದ್ಯಾವ ನ್ಯಾಯ ಅಮ್ಮಾ?" ಎಂದವಳು ಮೂರು ವಾರ ಕ್ಲಿನಿಕ್ಕಿನ ಕಡೆ ತಲೆ ಹಾಕಲಿಲ್ಲ. ದುಡ್ಡಿನ ಲೆಕ್ಕ ಎಂದು ಅವಳು ಅಂದುಕೊಂಡಿದ್ದಳು. ಕಾರಣ ಅದಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳಲು ಹೋಗಿ ನಾನೇ ಬಹಳಷ್ಟು ಕಲಿತೆ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ನಾರಿನ ಪದರವಿದೆ. ಹಲ್ಲನ್ನು ಒಂದು ಕಡೆಗೆ ಹಗುರವಾಗಿ, ಬಿಡದೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹಲ್ಲು ಸರಿಯುವುದೆಂದರೆ ಇಷ್ಟೇ. ತಂತಿಯಾಗಲಿ, ಪ್ಲಾಸ್ಟಿಕ್ಕಾಗಲಿ ಬರೀ ಒತ್ತುತ್ತದೆ. ಕೆಲಸ ಮಾಡುವುದು ಮೂಳೆ. ಅದಕ್ಕೆ ಬೇಕಾದಷ್ಟು ಸಮಯವನ್ನು ಅದು ತೆಗೆದುಕೊಂಡೇ ತೀರುತ್ತದೆ. ಜನ ಹೆಚ್ಚು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ನಂಬುವ ಕ್ಲೈಂಟುಗಳ ಜೊತೆ ಇಪ್ಪತ್ತು ವರ್ಷ ಏಗಿದ ನನಗೆ ಈ ಪಾಠ ತಟ್ಟನೆ ಅರ್ಥವಾಯಿತು.

ಅಲೈನರಿನ ಹಿಂದಿರುವ ಯೋಚನೆ ಹಳೆಯದು. 1945ರಲ್ಲೇ ಅಮೆರಿಕದ ಕೆಸ್ಲಿಂಗ್ ಎಂಬ ದಂತವೈದ್ಯರು ಹಲ್ಲಿನ ಅಚ್ಚನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ, ಅದರ ಮೇಲೆ ಮಾಡಿದ ಮೆತ್ತನೆಯ ಕವಚದಿಂದ ಹಲ್ಲುಗಳನ್ನು ಸರಿಸಬಹುದೆಂದು ಬರೆದಿದ್ದರು. ಪ್ರತಿ ಹಂತಕ್ಕೂ ಕೈಯಿಂದ ಅಚ್ಚು ಮಾಡುವವರು ಯಾರು? ಅದಕ್ಕೆ ಕಂಪ್ಯೂಟರ್ ಬರಬೇಕಾಯಿತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಲೈನ್ ಟೆಕ್ನಾಲಜಿ ಕಂಪನಿ ಇನ್ವಿಸಲೈನ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಈಗ ನಮ್ಮ ದೇಶದ ಕಂಪನಿಗಳೂ ಮಾಡುತ್ತವೆ.

ವಿಧಾನ ನಮ್ಮ ಕಸುಬಿನವರಿಗೆ ಪರಿಚಿತ. ಪೆನ್ನಿನಂಥ ಸ್ಕ್ಯಾನರನ್ನು ಬಾಯಲ್ಲಿ ಆಡಿಸಿ ಹಲ್ಲುಗಳ ಮೂರು ಆಯಾಮದ ಮಾದರಿ ತೆಗೆಯುತ್ತಾರೆ. ಸಾಫ್ಟ್‌ವೇರಿನಲ್ಲಿ ಒಂದೊಂದು ಹಲ್ಲನ್ನೂ ಬಿಡಿಸಿ, ಕೊನೆಗೆ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿ, ಅಲ್ಲಿಯವರೆಗಿನ ದಾರಿಯನ್ನು ತುಂಡು ಮಾಡುತ್ತಾರೆ. ಒಂದು ತುಂಡಿಗೆ ಸುಮಾರು ಕಾಲು ಮಿಲಿಮೀಟರ್. ಪ್ರತಿ ಹಂತದ ಮಾದರಿಯನ್ನೂ 3ಡಿ ಪ್ರಿಂಟ್ ಮಾಡಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಒತ್ತಿದರೆ ಒಂದು ಟ್ರೇ ಸಿದ್ಧ. ನನ್ನ ಕೆಳಗಿನ ಮುಂಭಾಗದ ಹಲ್ಲುಗಳು ಲೋಕಲ್ ಟ್ರೈನಿನ ಜನರಂತೆ ಒತ್ತಿಕೊಂಡು ನಿಂತಿದ್ದವು. ಒಟ್ಟು 14 ಟ್ರೇ, ಹತ್ತು ದಿನಕ್ಕೊಂದು. ಜಾಗ ಮಾಡಲು ಡಾಕ್ಟರು ಕೆಲವು ಹಲ್ಲುಗಳ ನಡುವೆ 0.2 ಮಿಲಿಮೀಟರಿನಷ್ಟು ಎನಾಮಲ್ ಉಜ್ಜಿದರು. ಟ್ರೇ ಹಿಡಿತ ಸಿಗಲೆಂದು ಮೂರು ಹಲ್ಲಿಗೆ ಹಲ್ಲಿನ ಬಣ್ಣದ ಸಣ್ಣ ಗುಬುಟು ಅಂಟಿಸಿದರು. 'ಕಾಣುವುದೇ ಇಲ್ಲ' ಎಂಬ ಜಾಹೀರಾತಿನ ಮಾತು ಅಲ್ಲಿಗೇ ಅರ್ಧ ಮುಕ್ಕಾಯಿತು.

ದಿನಕ್ಕೆ 20ರಿಂದ 22 ಗಂಟೆ ಟ್ರೇ ಬಾಯಲ್ಲಿರಬೇಕು. ತೆಗೆದಿಟ್ಟಷ್ಟು ಹೊತ್ತೂ ಹಲ್ಲು ಹಳೇ ಜಾಗದತ್ತ ನೋಡುತ್ತಿರುತ್ತದೆ. ತಿನ್ನುವಾಗ ತೆಗೆಯಬೇಕು, ತಿಂದ ಮೇಲೆ ಬ್ರಷ್ ಮಾಡಿ ಹಾಕಬೇಕು. ಬಿಸಿ ಚಹಾ ಕುಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬಣ್ಣವೂ ಹಿಡಿಯುತ್ತದೆ. ಪುಣೆಯಲ್ಲಿದ್ದುಕೊಂಡು ಅಮೃತತುಲ್ಯ ಚಹಾದ ಅಂಗಡಿಯ ಮುಂದೆ ಸುಮ್ಮನೆ ನಡೆದುಹೋಗುವುದು ಸಣ್ಣ ತಪಸ್ಸೇನಲ್ಲ. ಮೊದಲ ವಾರ 'ಸ' ಅಂದರೆ 'ಶ' ಆಗುತ್ತಿತ್ತು. ಬೆಳಗಿನ ಮೀಟಿಂಗಿನಲ್ಲಿ "ಸ್ಟೇಟಸ್" ಎನ್ನುವ ಪದವನ್ನು ಆದಷ್ಟು ತಪ್ಪಿಸಿದೆ.

ಈಗ ಮಗಳ ವಿಷಯ. ಅವಳ ಮೇಲಿನ ಎರಡೂ ಕೋರೆಹಲ್ಲುಗಳು ಸಾಲಿನಲ್ಲಿ ಜಾಗವಿಲ್ಲದೆ ವಸಡಿನಲ್ಲಿ ಎತ್ತರಕ್ಕೆ, ಹೊರಗೆ ಬಂದಿದ್ದವು. ಪಕ್ಕದ ನಾಲ್ಕು ಹಲ್ಲು ಕೀಳಿಸಿ, ಕೋರೆಗಳನ್ನು ಕೆಳಗಿಳಿಸಿ, ಉಳಿದ ಸಂದನ್ನು ಮುಚ್ಚಬೇಕಿತ್ತು. ಅವಳಿಗೆ ನಾನು ಅಜ್ಜನ ತೋಟದ ಬೇಲಿಗೂಟದ ಉದಾಹರಣೆ ಕೊಟ್ಟೆ. ಹಸಿ ಮಣ್ಣಿನಲ್ಲಿ ಹೂತ ಗೂಟದ ತಲೆಯನ್ನು ತಳ್ಳಿದರೆ ಅದು ವಾಲುತ್ತದೆ, ಬುಡ ಅಲ್ಲೇ ಇರುತ್ತದೆ. ನೆಟ್ಟಗೆ ನಿಂತಂತೆಯೇ ಸರಿಸಬೇಕಾದರೆ ತಲೆ ವಾಲದಂತೆ ಬಿಗಿಯಾಗಿ ಹಿಡಿದು ಬುಡವನ್ನೂ ಜೊತೆಗೆ ಒಯ್ಯಬೇಕು. ಅಲೈನರ್ ಹಲ್ಲಿನ ತಲೆಗೆ ತೊಡಿಸಿದ ಟೋಪಿ. ವಾಲಿಸುವುದು ಅದಕ್ಕೆ ಸುಲಭ, ಬೇರಿನ ಸಮೇತ ದೂರ ಸಾಗಿಸುವುದು ಕಷ್ಟ. ಹಲ್ಲನ್ನು ಕೆಳಗೆಳೆಯುವುದು ಇನ್ನೂ ಕಷ್ಟ, ಏಕೆಂದರೆ ನುಣುಪಾದ ಹಲ್ಲಿನಿಂದ ಟೋಪಿಯೇ ಜಾರುತ್ತದೆ. ಕೋರೆಹಲ್ಲಿನಂಥ ದುಂಡನೆಯ ಹಲ್ಲನ್ನು ತಿರುಗಿಸುವಾಗಲೂ ಇದೇ ಕಥೆ. ಬ್ರೇಸಸ್ಸಿನ ಬ್ರಾಕೆಟ್ ಹಲ್ಲಿಗೆ ಅಂಟಿಕೊಂಡಿರುವುದರಿಂದ ತಂತಿಗೆ ಈ ಹಿಡಿತ ಸಿಗುತ್ತದೆ. ಸ್ಕೂಲಿನ ಗಲಾಟೆಯಲ್ಲಿ ತೆಗೆದಿಟ್ಟು ಮರೆಯುವ ಭಯವೂ ಇಲ್ಲ.

"ಕಂಪ್ಯೂಟರಲ್ಲಿ ಮಾತ್ರ ಹಲ್ಲು ಬೆಣ್ಣೆ ಥರ ಜಾರ್ತಾ ಹೋಗುತ್ತಲ್ಲ?" ಎಂದಳು. ಒಳ್ಳೆಯ ಪ್ರಶ್ನೆ. ಆ ಅನಿಮೇಶನ್ ಯೋಜನೆಯೇ ಹೊರತು ವರದಿಯಲ್ಲ. ಇನ್ವಿಸಲೈನ್ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಂಭಾಗದ ಹಲ್ಲುಗಳಿಗೆ ಯೋಜಿಸಿದ ಚಲನೆಯಲ್ಲಿ ಸರಾಸರಿ ಶೇ. 41ರಷ್ಟು ಮಾತ್ರ ನಿಜವಾಗಿತ್ತು. 2020ರ ಅಧ್ಯಯನದಲ್ಲಿ ಸರಾಸರಿ ಶೇ. 50. ಪ್ಲಾಸ್ಟಿಕ್ಕೂ ತಂತ್ರಾಂಶವೂ ಸುಧಾರಿಸಿವೆ, ಆದರೂ ಮೂಳೆ ಪೂರ್ತಿ ಮಾತು ಕೇಳುವುದಿಲ್ಲ. ಅದಕ್ಕೇ ಮಧ್ಯೆ ಮತ್ತೆ ಸ್ಕ್ಯಾನ್ ಮಾಡಿ ಹೊಸ ಟ್ರೇಗಳನ್ನು ಕೊಡುತ್ತಾರೆ. ನನಗೂ 14 ಮುಗಿದ ಮೇಲೆ ಇನ್ನೂ ಐದು ಬಂದವು. ತಿರುಗಿದ್ದ ಒಂದು ಹಲ್ಲು ಹಟ ಹಿಡಿದಿತ್ತು.

ಇನ್ನೂ ಕೆಲವು ಗೆರೆಗಳಿವೆ. ದವಡೆಯೇ ಹಿಂದೆ ಮುಂದೆ ಇದ್ದರೆ ಅಲೈನರ್ ಅದನ್ನು ಸರಿಮಾಡದು. ಬೆಳೆಯುವ ವಯಸ್ಸಿನಲ್ಲಿ ಬೇರೆ ಸಾಧನಗಳಿಂದ ಸ್ವಲ್ಪ ದಾರಿಗೆ ತರಬಹುದು. ದೊಡ್ಡವರಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ವಸಡಿನ ರೋಗವಿದ್ದರೆ ಅದು ಹತೋಟಿಗೆ ಬರುವ ತನಕ ಹಲ್ಲನ್ನು ಅಲ್ಲಾಡಿಸಬಾರದು. ನನ್ನಪ್ಪನ ಹಲ್ಲುಗಳು ಹುಳುಕಾಗಿ ಬಿದ್ದದ್ದಲ್ಲ. ವಸಡು ಸಡಿಲವಾಗಿ, ಗಟ್ಟಿ ಹಲ್ಲುಗಳೇ ಐವತ್ತರೊಳಗೆ ಉದುರಿದವು. ಹಾಗಾಗಿ ಡಾಕ್ಟರು ಮೊದಲು ಎಕ್ಸ್-ರೇ ತೆಗೆಸಿ, ವಸಡಿನ ಆಳ ಅಳೆದು, ಕ್ಲೀನಿಂಗ್ ಮಾಡಿ, ಎರಡು ತಿಂಗಳು ಕಾಯಿಸಿದಾಗ ನನಗೆ ಬೇಸರವಾಗಲಿಲ್ಲ, ಧೈರ್ಯ ಬಂತು. ಮನೆಗೆ ಕಿಟ್ ಕಳಿಸಿ ನೀವೇ ಅಚ್ಚು ತೆಗೆಯಿರಿ ಎನ್ನುವ ಅಗ್ಗದ ದಾರಿಯಲ್ಲಿ ಈ ವಸಡನ್ನು ಯಾರು ನೋಡುತ್ತಾರೆ? ಪರ ಊರಿನಲ್ಲಿ ಒಬ್ಬರೇ ಇರುವ ಹುಡುಗರು ಇಂಥದ್ದಕ್ಕೆ ಬೇಗ ಮನಸೋಲುತ್ತಾರೆ. ಅವರಿಗಾಗಿ ಇಷ್ಟು ಹೇಳಿದೆ.

ಮಗಳು ಕೊನೆಗೆ ಒಪ್ಪಿದ್ದು ನನ್ನ ಗೂಟದ ಉಪಮೆಗಲ್ಲ. ಡಾಕ್ಟರು ಅವಳ ಎಕ್ಸ್-ರೇಯನ್ನು ಅವಳಿಗೇ ತೋರಿಸಿ, ಕೋರೆಹಲ್ಲಿನ ಉದ್ದನೆಯ ಬೇರಿನ ಮೇಲೆ ಬೆರಳಿಟ್ಟು, "ಇದೂ ಜೊತೆಗೆ ಬರಬೇಕಲ್ಲ" ಎಂದರು. ಅವಳು ಸ್ವಲ್ಪ ಹೊತ್ತು ನೋಡಿ, "ರಬ್ಬರ್ ಯಾವ್ಯಾವ ಬಣ್ಣದಲ್ಲಿ ಬರುತ್ತೆ?" ಎಂದು ಕೇಳಿದಳು. ಈಗ ಬ್ರಾಕೆಟ್ಟುಗಳಿಗೆ ನೇರಳೆ ಬಣ್ಣ. ಎಡಗಡೆಯ ಕೋರೆ ಸಾಲಿಗೆ ಇಳಿದಿದೆ, ಬಲಗಡೆಯದು ದಾರಿಯಲ್ಲಿದೆ.

ನನ್ನದು ಮುಗಿಯಿತು ಅನ್ನುವಂತಿಲ್ಲ. ಸರಿದ ಹಲ್ಲನ್ನು ವಸಡಿನ ನಾರುಗಳು ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ. ವಯಸ್ಸಾದಂತೆ ಕೆಳಗಿನ ಹಲ್ಲುಗಳು ತಾವಾಗಿಯೂ ಒತ್ತೊತ್ತಾಗುತ್ತವೆ. ಹಾಗಾಗಿ ಪ್ರತಿ ರಾತ್ರಿ ರಿಟೇನರ್. "ಎಷ್ಟು ದಿನ?" ಎಂದರೆ ಡಾಕ್ಟರು, "ಹಲ್ಲು ನೆಟ್ಟಗಿರಬೇಕು ಅನ್ನಿಸುವಷ್ಟು ದಿನ" ಎಂದರು. ಡೆಲಿವರಿ ಆದ ಮೇಲೂ ಸಪೋರ್ಟ್ ಮುಗಿಯದ ಪ್ರಾಜೆಕ್ಟ್. ಮುಂದಿನ ವರ್ಷ ತಂತಿ ಬಿಚ್ಚಿದ ಮೇಲೆ ಮಗಳಿಗೂ ಅಂಥದ್ದೇ ಪಾರದರ್ಶಕ ಟ್ರೇ ಸಿಗಲಿದೆ. ಬೇಸಿನ್ನಿನ ಪಕ್ಕ ಅದರ ಡಬ್ಬಿಗೆಂದು ಅವಳು ಈಗಲೇ ಜಾಗ ಹಿಡಿದಿಟ್ಟಿದ್ದಾಳೆ.